ಥ್ರಾಟಲ್ ಕ್ಲೀನ್ ಆಯ್ತು, ಆಮೇಲೆ?

ಸಂಪಾದಕರೇ,

ಮನೆಯಲ್ಲೇ ಕಾರಿನ ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಭಾಗ) ಕ್ಲೀನ್ ಮಾಡಿಕೊಳ್ಳುವುದು ಹೇಗೆ ಅಂತ ನಿಮ್ಮ ವಾಹನ ಪುಟದಲ್ಲಿ ಬಂದಿದ್ದ ಬರಹ ಓದಿ ನಾನೂ ಭಾನುವಾರ ಸ್ಪ್ಯಾನರ್ ಹಿಡಿದೆ. ಬರಹ ಚೆನ್ನಾಗಿತ್ತು. ಆದರೆ ‘ಎಲ್ಲವನ್ನೂ ಮೊದಲಿನಂತೆ ಜೋಡಿಸಿ’ ಅಂತ ಹೇಳಿ ಮುಗಿಸಿಬಿಟ್ಟಿದ್ದಾರೆ. ನನ್ನ ಪಾಡು ಶುರುವಾಗಿದ್ದೇ ಅಲ್ಲಿಂದ.

ಮೊದಲು 800 ಆರ್‌ಪಿಎಂ ಹತ್ತಿರ ನಿಲ್ಲುತ್ತಿದ್ದ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಇದ್ದಾಗಿನ ಎಂಜಿನ್ ವೇಗ) 1,800ರಿಂದ ಕೆಳಗಿಳಿಯಲೇ ಇಲ್ಲ. ಎಂಜಿನ್ ತಣ್ಣಗಿದ್ದಾಗ ಸ್ವಲ್ಪ ಜಾಸ್ತಿ ಇರುವುದು ಸಹಜ, ಇದು ಬಿಸಿಯಾದ ಮೇಲೂ ಹಾಗೇ. ಗೊತ್ತಿದ್ದವರನ್ನು ಕೇಳಿದರೆ ಎಲ್ಲರದ್ದೂ ಒಂದೇ ಮಾತು, ಐಡಲ್ ರೀಲರ್ನ್ ಮಾಡು, ಅಂದರೆ ಕಾರಿನ ಕಂಪ್ಯೂಟರ್‌ಗೆ ಐಡ್ಲಿಂಗ್ ಮತ್ತೆ ಕಲಿಸು. ಅದೂ ಸುಳ್ಳಲ್ಲ. ಮಸಿ ಕೂತು ಗಾಳಿಯ ದಾರಿ ಕಟ್ಟಿಕೊಂಡಂತೆಲ್ಲ, ಥ್ರಾಟಲ್ ಒಳಗೆ ಗಾಳಿ ಬಿಡುವ ತಟ್ಟೆಯಾದ ಬಟರ್‌ಫ್ಲೈಯನ್ನು ತುಸು ಹೆಚ್ಚು ತೆರೆಯುವುದನ್ನು ಇಸಿಯು (ಅದೇ ಕಂಪ್ಯೂಟರ್) ಕಲಿತಿರುತ್ತದೆ, ಮಸಿ ಹೋದ ಮೇಲೂ ಅಷ್ಟೇ ತೆರೆದರೆ ಗಾಳಿ ಜಾಸ್ತಿ ನುಗ್ಗುತ್ತದೆ. ಮ್ಯಾನ್ಯುಯಲ್ ನೋಡಿ ಅದನ್ನೂ ಮಾಡಿದೆ, ಎರಡು ದಿನ ಓಡಿಸಿಯೂ ನೋಡಿದೆ. ಊಹೂಂ.

ಕೊನೆಗೆ ಇಸಿಯುನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಾಕಿದಾಗ ಎರಡು ಕೋಡ್ ಸಿಕ್ಕವು. ಪಿ0507 ಅಂದರೆ ಐಡ್ಲಿಂಗ್ ಜಾಸ್ತಿ ಇದೆ ಅಂತ, ಅದನ್ನು ಹೇಳೋಕೆ ಸ್ಕ್ಯಾನರ್ ಬೇಕಿರಲಿಲ್ಲ ಬಿಡಿ. ಪಿ0171 ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಅಲ್ಲೇ ತಲೆಗೆ ಹೊಳೆಯಿತು: ಗಾಳಿ ಅಳೆಯುವ ಸೆನ್ಸರ್ ಕಣ್ಣಿಗೆ ಬೀಳದೆ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ. ಬಾನೆಟ್ ಎತ್ತಿ ಕಿವಿಗೊಟ್ಟರೆ ಸಣ್ಣಗೆ ‘ಸ್ಸ್’ ಅನ್ನುವ ಸದ್ದು. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಹಿಂದೆ ಪಿಸಿವಿ ಹೋಸ್ (ಎಂಜಿನ್ ಒಳಗಿನ ಹೊಗೆಯನ್ನು ವಾಪಸ್ ಮ್ಯಾನಿಫೋಲ್ಡ್‌ಗೆ ಒಯ್ಯುವ ಕೊಳವೆ) ಅರ್ಧ ಕಳಚಿಕೊಂಡಿತ್ತು. ಏರ್ ಫಿಲ್ಟರ್ ಬಾಕ್ಸ್ ಎತ್ತುವಾಗ ನನ್ನ ಮೊಣಕೈಯೇ ತಾಗಿರಬೇಕು. ಎಂಜಿನ್ ಆಫ್ ಮಾಡಿ ಹೋಸ್ ಒತ್ತಿ ಕೂರಿಸಿದೆ, ಕ್ಲಿಪ್ ಹಾಕಿದೆ, ಅಷ್ಟೇ. ಸೂಜಿ ಮತ್ತೆ 800ಕ್ಕೆ ಬಂತು.

ಇಂಥ ಬರಹದ ಕೆಳಗೆ ನಾಲ್ಕು ಸಾಲು ಸೇರಿಸಿದರೆ ಸಾಕಲ್ವಾ? ಬಿಚ್ಚಿದ ಹೋಸ್ ಎಲ್ಲಾ ಕೂತಿದೆಯಾ, ಜೋಡಣೆಯ ಸಂದಿ ಮುಚ್ಚುವ ಗ್ಯಾಸ್ಕೆಟ್ ಮಡಚಿಕೊಂಡಿದೆಯಾ, ಹಳೇ ಕಾರಾದರೆ ಆಕ್ಸಿಲರೇಟರ್ ಕೇಬಲ್ ತೀರಾ ಬಿಗಿಯಾಗಿಬಿಟ್ಟಿದೆಯಾ. ಕೂಲಂಟ್ ಬದಲಿಸಿದವರಿಗೂ ಈ ಕಾಟ ಬರಬಹುದು, ಒಳಗೆ ಗಾಳಿ ಸಿಕ್ಕಿಕೊಂಡರೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಲೀಕ್ ಹುಡುಕೋಕೆ ಅಂತ ಬಿಸಿ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆಯುವವರೂ ಇದ್ದಾರೆ, ಬೆಂಕಿ ಹತ್ತುತ್ತದೆ ಅಂತ ಅವರಿಗೂ ಒಂದು ಮಾತು ಹೇಳಿ.

ಇನ್ನೊಂದು. ಬರಹದ ಜೊತೆಗಿದ್ದ ಫೋಟೋದಲ್ಲಿ, ಕೇಬಲ್ ಬದಲು ಮೋಟಾರ್‌ನಿಂದ ತಿರುಗುವ ಎಲೆಕ್ಟ್ರಾನಿಕ್ ಥ್ರಾಟಲ್‌ನ ಬಟರ್‌ಫ್ಲೈಯನ್ನು ಬೆರಳಲ್ಲಿ ಒತ್ತಿ ತೆರೆದಿದ್ದಾರೆ. ಹಾಗೆ ಒತ್ತಿದರೆ ಒಳಗಿನ ಗೇರ್ ಹಾಳಾಗಬಹುದು, ಇಗ್ನಿಷನ್ ಆನ್ ಇದ್ದರೆ ಬೆರಳೂ ಸಿಕ್ಕಿಕೊಳ್ಳಬಹುದು. ಅದಕ್ಕೊಂದು ತಿದ್ದುಪಡಿ ಹಾಕಿ, ದಯವಿಟ್ಟು.

ಇಂತಿ,
ನಿಮ್ಮ ಓದುಗ