ಕಿರೀಟದ ಸುತ್ತ ಕೆಂಪು ಮಂಜು

ಮಾನ್ಯರೇ,

ಮೇಳಗಳ ತಿರುಗಾಟ ಶುರುವಾಯಿತೆಂದರೆ ಮೇ ಕೊನೆಯ ಪತ್ತನಾಜೆಯವರೆಗೂ ನಮ್ಮ ಉಡುಪಿ, ಮಂಗಳೂರು ಕಡೆಯ ಪತ್ರಿಕೆಗಳಿಗೆ ಓದುಗರು ಕಳುಹಿಸುವ ಯಕ್ಷಗಾನದ ಫೋಟೊಗಳಿಗೆ ಬರವಿಲ್ಲ. ಈಗೀಗ ಅವುಗಳಲ್ಲಿ ಹಲವು ಫೋಟೊಗಳ ಹಿನ್ನೆಲೆಯನ್ನು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಮಸುಕು ಮಾಡಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಹಿಂದಿನ ಬ್ಯಾನರು, ಟ್ಯೂಬ್‌ಲೈಟು, ನೇತಾಡುವ ವೈರು ಕಣ್ಣಿಗೆ ಅಡ್ಡ ಬರುವುದು ನಿಜ. ತಪ್ಪುತ್ತಿರುವುದು ಮಸುಕು ಮಾಡುವ ರೀತಿ. ವೇಷದ ಸುತ್ತ ಕೆಂಪು ಮಂಜು ಕವಿದಿರುತ್ತದೆ, ಕಿರೀಟದ ತುದಿಯ ಗೊಂಡೆ ಅರ್ಧಕ್ಕೇ ಕರಗಿರುತ್ತದೆ, ಭುಜಕೀರ್ತಿಗೂ ಕೆನ್ನೆಗೂ ನಡುವಿನ ಸಂದಿಯಲ್ಲಿ ಮಾತ್ರ ಹಿಂದಿನ ಪರದೆ ನಿಚ್ಚಳವಾಗಿ ಕಾಣುತ್ತದೆ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಗಂಟೆಗಟ್ಟಲೆ ಕುಳಿತು ಬಣ್ಣ ಬರೆದು, ವೇಷ ಕಟ್ಟಿಕೊಂಡು ಬಂದ ಕಲಾವಿದರಿಗೆ ಇದು ಅನ್ಯಾಯ.

ಮಂಜು ಎಲ್ಲಿಂದ ಬರುತ್ತದೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಬ್ಲರ್ ಎಂದರೆ ಸರಾಸರಿ. ರೇಡಿಯಸ್ 30 ಕೊಟ್ಟರೆ ಪ್ರತಿ ಚುಕ್ಕೆಯೂ ಸುತ್ತ 30 ಪಿಕ್ಸೆಲ್ ದೂರದವರೆಗಿನ ಬಣ್ಣವನ್ನು ತನ್ನೊಳಗೆ ಬೆರೆಸಿಕೊಳ್ಳುತ್ತದೆ. ವೇಷವನ್ನು ಅಲ್ಲೇ ಇಟ್ಟು ಇಡೀ ಲೇಯರನ್ನು (ಫೋಟೊದ ಪದರವನ್ನು) ಬ್ಲರ್ ಮಾಡಿದಾಗ ದಗಲೆಯ, ಅಂದರೆ ವೇಷದ ಅಂಗಿಯ, ಕೆಂಪು ಹಿಂದಿನ ಕತ್ತಲೆಗೆ ಸೋರುತ್ತದೆ. ಆಮೇಲೆ ಅದರ ಮೇಲೆ ಎಷ್ಟೇ ಚೊಕ್ಕವಾಗಿ ಕತ್ತರಿಸಿದ ವೇಷವನ್ನು ಕೂರಿಸಿದರೂ ಸೋರಿದ ಕೆಂಪು ಅಂಚಿನ ಹೊರಗೆ ಉಳಿದೇ ಉಳಿಯುತ್ತದೆ. ಆದ್ದರಿಂದ ಬ್ಲರ್ ಮಾಡುವ ಮೊದಲು ಹಿನ್ನೆಲೆಯ ಲೇಯರಿನಿಂದ ವೇಷವನ್ನೇ ಅಳಿಸಬೇಕು. ಹೆಚ್ಚಿನವರು ಬಿಡುವುದು ಈ ಹೆಜ್ಜೆಯನ್ನೇ.

ಇದಕ್ಕೆ ದುಡ್ಡು ಕೊಟ್ಟು ಫೋಟೊಶಾಪ್ ತರಬೇಕೆಂದಿಲ್ಲ, ಉಚಿತವಾಗಿ ಸಿಗುವ ಜಿಂಪ್ (GIMP) ತಂತ್ರಾಂಶ ಧಾರಾಳ ಸಾಕು. ಫೋಟೊ ತೆರೆದು ಲೇಯರನ್ನು ಎರಡು ಸಲ ನಕಲು ಮಾಡಿ. ಅಡಿಯಲ್ಲಿರುವುದು ಮೂಲ, ಅದನ್ನು ಮುಟ್ಟಬೇಡಿ. ಮೇಲಿನದು ವೇಷಕ್ಕೆ, ನಡುವಿನದು ಹಿನ್ನೆಲೆಗೆ. ಫೋರ್‌ಗ್ರೌಂಡ್ ಸೆಲೆಕ್ಟ್ ಟೂಲಿನಿಂದ ವೇಷದ ಸುತ್ತ ಒರಟಾಗಿ ಗೆರೆ ಎಳೆದು, ಎಂಟರ್ ಒತ್ತಿ, ಒಳಗಿನ ಒಂದೊಂದು ಬಣ್ಣದ ಮೇಲೂ ಬ್ರಷ್ ಆಡಿಸಿ. ಸಿಕ್ಕ ಆಯ್ಕೆಯನ್ನು ಚಾನೆಲ್ ಆಗಿ ಉಳಿಸಿಕೊಂಡು, ಮೇಲಿನ ಲೇಯರಿಗೆ ಅದರಿಂದ ಮಾಸ್ಕ್ (ವೇಷದ ಹೊರಗಿನದನ್ನು ಮರೆಮಾಡುವ ಮುಸುಕು) ಹಾಕಿ. ಈಗ ನಡುವಿನ ಲೇಯರಿಗೆ ಬಂದು ಅದೇ ಆಯ್ಕೆಯನ್ನು 15–20 ಪಿಕ್ಸೆಲ್ ಹಿಗ್ಗಿಸಿ, ಕ್ಲೋನ್ ಟೂಲಿನಿಂದ ಪಕ್ಕದ ಪರದೆಯನ್ನು ತಂದು ಆ ಜಾಗಕ್ಕೆ ತುಂಬಿ. ಪಾದದ ಬಳಿಯ ನೆಲವೊಂದನ್ನು ಬಿಟ್ಟರೆ ಅಂದವಾಗಿ ತುಂಬಬೇಕಾಗಿಲ್ಲ, ಹೇಗೂ ಮಸುಕಾಗುತ್ತದೆ. ಅಂಚಿನಲ್ಲಿ ವೇಷದ ಬಣ್ಣ ಉಳಿಯದಿದ್ದರಾಯಿತು. ಫೋಟೊಶಾಪ್ ಇದ್ದವರಿಗೆ 2010ರ ಸಿಎಸ್5 ಆವೃತ್ತಿಯಿಂದಲೂ ಇರುವ ಕಂಟೆಂಟ್ ಅವೇರ್ ಫಿಲ್ ಈ ಕೆಲಸ ಮಾಡಿಕೊಡುತ್ತದೆ. ತುಂಬಿದ ಮೇಲೆ ಆಯ್ಕೆಯನ್ನು ತೆಗೆಯಲು ಮರೆಯಬಾರದು. ಮರೆತರೆ ಬ್ಲರ್ ಆ ಆಯ್ಕೆಯೊಳಗೆ ಮಾತ್ರ ನಡೆದು, ಕೆಲಸ ಕೆಟ್ಟದ್ದು ಏಕೆಂದೇ ತಿಳಿಯುವುದಿಲ್ಲ.

ಬ್ಲರ್‌ನಲ್ಲೂ ಗಾಸಿಯನ್ ಬೇಡ, ಲೆನ್ಸ್ ಬ್ಲರ್ ಬಳಸಿ. ನಿಜವಾದ ಲೆನ್ಸಿನಲ್ಲಿ ದೂರದ ದೀಪ ದುಂಡನೆಯ ಬಿಲ್ಲೆಯಾಗಿ ಹೊಳೆಯುತ್ತದೆ. ಗಾಸಿಯನ್‌ನಲ್ಲಿ ಅದೇ ದೀಪ ಬೂದು ಕಲೆಯಾಗಿ ಸಾಯುತ್ತದೆ. ಮಂಗಳೂರಿನ ಕುದ್ರೋಳಿಯ ದಸರಾ ದೀಪಗಳ ಮುಂದೆ ತೆಗೆದ ಫೋಟೊದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಜಿಂಪ್‌ನ ಲೆನ್ಸ್ ಬ್ಲರ್‌ನಲ್ಲಿರುವ ಹೈಲೈಟ್ ಫ್ಯಾಕ್ಟರನ್ನು ತುಸು ಏರಿಸಿದರೆ ಬಿಲ್ಲೆಗಳಿಗೆ ಜೀವ ಬರುತ್ತದೆ. 4000 ಪಿಕ್ಸೆಲ್ ಅಗಲದ ಫೋಟೊಗೆ 25ರಿಂದ 40 ರೇಡಿಯಸ್ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದ 1600 ಪಿಕ್ಸೆಲ್‌ನದಕ್ಕೆ 10–15 ದಾಟಬಾರದು. ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ರಂಗಸ್ಥಳವಾದರೆ ಇನ್ನೂ ಕೈ ಬಿಗಿ ಹಿಡಿಯಬೇಕು. ಅಲ್ಲಿ ವೇಷದ ಹಿಂದೆ ಕುಳಿತಿರುವುದು ಬ್ಯಾನರಲ್ಲ, ಹಾಡುವ ಭಾಗವತರು. ಅವರು ಯಾರೆಂದು ಗುರುತು ಸಿಗದಷ್ಟು ಮಸುಕು ಮಾಡಿದರೆ ಆಟದ ಅರ್ಧವನ್ನೇ ಅಳಿಸಿದಂತೆ.

ನೆಲದ ವಿಷಯದಲ್ಲಿ ಎಡವುವವರು ಬಹಳ. ಪಾದ ನಿಚ್ಚಳ, ಪಾದದಡಿಯ ನೆಲ ಮಸುಕು ಎಂದಾದರೆ ವೇಷ ಗಾಳಿಯಲ್ಲಿ ತೇಲುತ್ತದೆ. ಪಾದ ಊರಿದ ಸಾಲಿನ ನೆಲ ಸ್ಪಷ್ಟವಾಗಿದ್ದು, ಹಿಂದೆ ಹಿಂದೆ ಹೋದಂತೆ ಮಸುಕು ಏರುತ್ತ ಹೋಗಬೇಕು. ಪಾದದ ಸಾಲಿನ ಕಪ್ಪಿನಿಂದ ಹಿಂದಿನ ಬಿಳಿಗೆ ಏರುವ ಗ್ರೇಡಿಯಂಟ್ ಲೇಯರೊಂದನ್ನು ಮಾಡಿ, ಲೆನ್ಸ್ ಬ್ಲರ್‌ನ ಆಕ್ಸ್ ಇನ್‌ಪುಟ್‌ಗೆ ಕೊಟ್ಟರೆ ಅದು ತಾನಾಗಿ ಆಗುತ್ತದೆ. ವೇಷದ ಪಕ್ಕದಲ್ಲೇ ಇರುವ ರಥವೂ (ರಂಗದ ಮೇಲಿನ ಪೀಠ) ವೇಷದಷ್ಟೇ ದೂರದ್ದು, ಅದನ್ನೂ ಸ್ಪಷ್ಟವಾಗಿಯೇ ಬಿಡಬೇಕು.

ಕೊನೆಗೆ ಮಾಸ್ಕಿನ ಅಂಚನ್ನು 200%ಗೆ ಝೂಮ್ ಮಾಡಿ ನೋಡಿ. ಬಟ್ಟೆಯ ಅಂಚಿಗೆ 2–3 ಪಿಕ್ಸೆಲ್ ಫೆದರ್ (ಅಂಚನ್ನು ಮೃದುವಾಗಿಸುವುದು) ಒಪ್ಪುತ್ತದೆ, ಕಿರೀಟದ ಮಣಿಗಳಿಗೆ 1 ಸಾಕು. ಸೊಂಟದ ಮೇಲಿಟ್ಟ ಕೈಯ ನಡುವಿನ ಕಿಂಡಿ, ಭುಜಕೀರ್ತಿಯ ಸಂದಿ ಇವುಗಳಲ್ಲಿ ಕಪ್ಪು ಬಣ್ಣದ ಸಣ್ಣ ಬ್ರಷ್ ಆಡಿಸಬೇಕು. ಮಸುಕಾದ ಭಾಗ ಮೇಣದಂತೆ ನುಣ್ಣಗಾಗಿ, ಅಚ್ಚಿನಲ್ಲಿ ಪಟ್ಟೆ ಪಟ್ಟೆಯಾಗಿ ಬೀಳುವುದುಂಟು. ಆ ಲೇಯರಿಗೆ ಆರ್‌ಜಿಬಿ ನಾಯ್ಸ್ 0.03ರಷ್ಟು ಸೇರಿಸಿದರೆ ಮುಂದಿನ ವೇಷದ ಭಾಗದಲ್ಲಿರುವ ಸಣ್ಣ ಚುಕ್ಕೆಗಳಿಗೆ (ಗ್ರೇನ್) ಹೊಂದಿಕೊಳ್ಳುತ್ತದೆ.

ಕಂಬಳದ ಫೋಟೊಗಳಿಗೆ ಮಾತ್ರ ಇದ್ಯಾವುದನ್ನೂ ಮಾಡಬೇಡಿ. ಕೋಣಗಳ ಕಾಲಡಿಯಿಂದ ಚಿಮ್ಮುವ ಕೆಸರು ನೀರು ಅರೆಪಾರದರ್ಶಕ. ಅದರೊಳಗೆ ಹಿನ್ನೆಲೆಯೂ ಬೆರೆತಿರುವುದರಿಂದ ಯಾವ ಆಯ್ಕೆಯೂ ಅದನ್ನು ಸರಿಯಾಗಿ ಬಿಡಿಸಲಾರದು. ಹನಿಗಳ ಹೊರ ಸಾಲು ಕತ್ತರಿಸಿ ಹೋಗುತ್ತದೆ, ಓಡಿಸುವವರ ಕೈಯ ಬೆತ್ತ ಅರ್ಧಕ್ಕೆ ತುಂಡಾಗುತ್ತದೆ. ಅಲ್ಲಿ ಮಸುಕು ಬೇಕೆಂದರೆ 200 ಎಂಎಂ ಲೆನ್ಸಿನಲ್ಲಿ ಅಪರ್ಚರ್ ಎಫ್ 2.8 ಇಟ್ಟು ಕರೆಯ (ಕೋಣಗಳು ಓಡುವ ಕೆಸರಿನ ಜಾಡು) ತುದಿಯಿಂದ ತೆಗೆಯುವುದೊಂದೇ ದಾರಿ. ಅದಲ್ಲದೆ ಕಂಬಳದ ಫೋಟೊ ಸುದ್ದಿಯಾಗಿ ಅಚ್ಚಾಗುವಂಥದ್ದು. ಸುದ್ದಿಯ ಫೋಟೊದ ಹಿನ್ನೆಲೆಗೆ ಯಾರೂ ಕೈ ಹಾಕಬಾರದು.

ಓದುಗರಿಂದ ಫೋಟೊ ಕೇಳುವಾಗ ತಮ್ಮ ಪತ್ರಿಕೆ ಎರಡು ಸಾಲು ಸೇರಿಸಲಿ ಎಂಬುದು ಕೋರಿಕೆ: ತಿದ್ದಿದ ಫೋಟೊದ ಜೊತೆ ಮೂಲ ಫೈಲನ್ನೂ ಕಳುಹಿಸಿ, ವಾಟ್ಸ್‌ಆ್ಯಪ್ ಆದರೆ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳುಹಿಸಿ. ಗೊಂಡೆ ಕರಗಿದ್ದರೆ ತಮ್ಮ ಪುಟ ವಿನ್ಯಾಸಕರು ಮೂಲವನ್ನೇ ಅಚ್ಚು ಮಾಡಬಹುದು.

– ಓದುಗರು, ಉಡುಪಿ