ಕವಲೇದುರ್ಗದ ಗೋಡೆಗೆ ಸಿಮೆಂಟ್ ಮೆತ್ತಿದ್ದು ಯಾರ ತಲೆ?

ಮಾನ್ಯರೇ,

ನಮ್ಮ ತೀರ್ಥಹಳ್ಳಿ ಕಡೆಯ ಗುಡ್ಡದ ಕೋಟೆ ಕವಲೇದುರ್ಗದ ಗೋಡೆ ‘ದುರಸ್ತಿ’ಯ ವರದಿ, ಜೊತೆಗೆ ಸಾಲಾಗಿ ನಿಂತು ನಗುತ್ತಿರುವವರ ಫೋಟೋ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಫೋಟೋದಲ್ಲಿ ಗೋಡೆ ಕಾಣದಿರುವುದೇ ಕ್ಷೇಮ. ಗದ್ದೆ ಬದುವಿನ ದಾರಿಗೆ ಜಲ್ಲಿ ಸುರಿದಿದ್ದಾರೆ, ಕಾಲಿಡಲು ಜಾಗವಿಲ್ಲ. ‘ಕೆಲಸ ನಡೀತಿದೆ’ ಎಂದು ಬಾಗಿಲಲ್ಲಿ ಒಂದು ತಾಸು ಬಿಸಿಲಿಗೆ ನಿಲ್ಲಿಸುತ್ತಾರೆ. ಒಳಗೆ ಹೋದರೆ ಕೆಲಸದವರೆಲ್ಲ ಊಟಕ್ಕೆ ಹೋಗಿರುತ್ತಾರೆ. ಹಾಸುಗಲ್ಲಿನ ಮೇಲೆಲ್ಲ ಸಿಮೆಂಟ್ ನೀರು ಹರಿದು ಚಪ್ಪಲಿಗೆ ಅಂಟಿ, ವಯಸ್ಸಾದವರು ಕೈ ಹಿಡಿದು ಇಳಿಯಬೇಕು.

ಆ ಗೋಡೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದು. ದೊಡ್ಡ ಕಲ್ಲು ಹೊರಮುಖಕ್ಕೆ, ಸಂದಿಗೆ ಚಕ್ಕೆ, ಹಿಂದೆ ಗುಡ್ಡದ ಮಣ್ಣು. ಗುಡ್ಡದಲ್ಲಿ ಇಂಗಿದ ನೀರು ಸಂದಿಯಿಂದ ಹೊರಗೆ ಬರಲಿ ಎಂದೇ ಹಾಗೆ ಬಿಟ್ಟಿರುವುದು. ಈಗ ಅದೇ ಸಂದಿಗೆ ಸಿಮೆಂಟ್ ಮೆತ್ತಿದ್ದಾರೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಸೀಮೆ ಇದು. ನೀರು ಹಿಂದೆ ತುಂಬುತ್ತದೆ, ಮಣ್ಣು ಭಾರವಾಗುತ್ತದೆ, ಗೋಡೆಗೆ ಹೊಟ್ಟೆ ಬರುತ್ತದೆ. ಎರಡು ಮಳೆಗಾಲ ಕಳೆದರೆ ಹೊಟ್ಟೆಯೂ ಇರುವುದಿಲ್ಲ, ಗೋಡೆಯೂ ಇರುವುದಿಲ್ಲ. ಆಗ ಇನ್ನೊಂದು ಟೆಂಡರ್.

ಕುಸಿದ ಕಡೆ ಮಾಡಬೇಕಾದದ್ದು ಊರಿನ ಕಲ್ಲುಕುಟಿಗರನ್ನು ಕೇಳಿದ್ದರೂ ಗೊತ್ತಾಗುತ್ತಿತ್ತು. ಬಿದ್ದ ಕಲ್ಲಿಗೆ ಮೊದಲು ನಂಬರ್ ಬರೆದು ಫೋಟೋ ತೆಗೆಯಬೇಕು. ತಳಪಾಯದ ಮಣ್ಣು ಗಟ್ಟಿಯಿದೆಯೇ ಎಂದು ಹಾರೆ ಹಾಕಿ ನೋಡಬೇಕು. ಹಿಂದೆ ಮಣ್ಣು ತುಂಬುವ ಮೊದಲು ಒಂದಡಿ ದಪ್ಪಕ್ಕೆ ಚಕ್ಕೆಕಲ್ಲು ಕೊಡಬೇಕು. ಕಲ್ಲಿನ ಪ್ರತಿ ಸಾಲನ್ನೂ ಸ್ವಲ್ಪ ಒಳಕ್ಕೆ ವಾಲಿಸಿ, ನಡುನಡುವೆ ಗೋಡೆಯ ಒಳಗೆ ಉದ್ದಕ್ಕೆ ಹೋಗುವ ಕಲ್ಲು ಕೂರಿಸಬೇಕು. ಇಲ್ಲಿ ಮಾಡಿದ್ದೇನು? ಸಣ್ಣ ಕಲ್ಲು ಕೆಳಗೆ, ದೊಡ್ಡದು ಮೇಲೆ, ಸಂದಿಯ ಮೇಲೆ ಸಂದಿ!

ಮರದ ಕತೆ ಇನ್ನೂ ಚೆಂದ. ಗೋಡೆಯಲ್ಲಿ ಬೆಳೆದ ಗೋಳಿ, ಬಸರಿಗಳಿಗೆ ಹಗ್ಗ ಕಟ್ಟಿ ಎಳೆದಿದ್ದಾರೆ. ಬೇರಿನ ಜೊತೆ ನಾಲ್ಕು ಕಲ್ಲು ಹೊರಗೆ ಬಂದಿದೆ. ಹೆಬ್ಬೆರಳು ಗಾತ್ರದ ಸಸಿಯನ್ನು ಮಳೆಯಲ್ಲಿ ಸಂದಿ ಒದ್ದೆಯಿದ್ದಾಗ ಕಿತ್ತರೆ ಸರಿ. ದೊಡ್ಡದಕ್ಕೆ ಮೊದಲು ಕೊಂಬೆ ಕಡಿಯಬೇಕು, ಬುಡದಲ್ಲಿ ಸುತ್ತಲೂ ಸಿಪ್ಪೆ ಸುಲಿದು ಒಣಗಲು ಬಿಡಬೇಕು, ಬೇರು ಸತ್ತು ಕೊಳೆತ ಮೇಲೆ ಆ ಪೊಳ್ಳಿಗೆ ಚಕ್ಕೆ ತುಂಬಬೇಕು. ಬರಿದೇ ಕಡಿದು ಬಿಟ್ಟರೂ ಪ್ರಯೋಜನವಿಲ್ಲ, ಒಂದಕ್ಕೆ ನಾಲ್ಕು ಚಿಗುರು ಬರುತ್ತದೆ. ಇಷ್ಟು ಹೇಳಲು ಹೋದರೆ ಕಾಡಿನ ಇಲಾಖೆಯವರು ಕಲ್ಲು ನಮ್ಮದಲ್ಲ ಎನ್ನುತ್ತಾರೆ, ಕೋಟೆ ನೋಡಿಕೊಳ್ಳುವ ಕಲ್ಲಿನವರು ಮರ ನಮ್ಮದಲ್ಲ ಎನ್ನುತ್ತಾರೆ. ಫೋಟೋಕ್ಕೆ ಮಾತ್ರ ಇಬ್ಬರೂ ಹಾಜರು.

ಈ ದುರ್ಗವನ್ನು ಆಳಿದ ಕೆಳದಿ ನಾಯಕರ ರಾಜಧಾನಿ ಬಿದನೂರು 1763ರಲ್ಲೇ ಹೈದರಾಲಿಯ ಪಾಲಾಯಿತು. ಆಮೇಲೆ ಆ ಮನೆತನದವರು ಯಾರೂ ಬಂದು ಇಲ್ಲಿ ಕಲ್ಲು ಸರಿ ಮಾಡಿಲ್ಲ. ಗೋಡೆ ನಿಂತೇ ಇತ್ತು. ನಮ್ಮ ಸಾಹೇಬರು ಕೈ ಹಾಕಿದ ಮೇಲೆ ನೋಡಿ.

ಇವರ ಕೆಲಸ ಯಾವತ್ತೂ ಹೀಗೆಯೇ. ಕೆಳಗಿನ ಶೌಚಾಲಯ ಕಟ್ಟಿದ ದಿನ ತೆರೆದಿತ್ತು, ಮರುದಿನದಿಂದ ಬೀಗ. ಸೂಚನಾ ಫಲಕದಲ್ಲಿ ತುಕ್ಕು ಓದಬಹುದು, ಅಕ್ಷರವನ್ನಲ್ಲ. ರಸ್ತೆಗೆ ಹಾಕಿದ ಡಾಂಬರು ಮಳೆಗೆ ಹೊದೆಯುವ ಗೊರಬಿನ ಮೇಲೆ ಬಿದ್ದ ನೀರಿನ ಹಾಗೆ ಜಾರಿ ಹೋಗಿದೆ. ಅರ್ಜಿ ಕೊಟ್ಟರೆ ಹಿಂಬರಹ ಬರುತ್ತದೆ, ‘ಸಂಬಂಧಿಸಿದವರಿಗೆ ತಿಳಿಸಲಾಗಿದೆ’ ಎಂದು. ಆ ಸಂಬಂಧಿಸಿದವರು ಯಾವ ಊರಿನವರೋ!

ಈ ಕೆಲಸವನ್ನು ಈಗಿಂದೀಗಲೇ ನಿಲ್ಲಿಸಬೇಕು. ಮಳೆ ಹಿಡಿಯುವುದರೊಳಗೆ ಮುಗಿಸಲೂ ಬೇಕು. ಹೇಗೆ ಎಂದು ಸಂಬಳ ತೆಗೆದುಕೊಳ್ಳುವವರು ಯೋಚಿಸಲಿ. ಅದೂ ಆಗದಿದ್ದರೆ ಶೌಚಾಲಯದ ಬೀಗದ ಕೈ ಯಾರ ಜೇಬಿನಲ್ಲಿದೆ ಎಂದಾದರೂ ತಿಳಿಸಲಿ.

– ದುರ್ಗಕ್ಕೆ ಹೋಗಿ ಬರುವ ಓದುಗರು, ತೀರ್ಥಹಳ್ಳಿ