ನಾಯಿಮರಿಗೆ ತೋಟದ ಪರಿಚಯವಾಗಲು ಕಾಲಾವಕಾಶ ಕೊಡಿ

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿದು ಅಡಿಕೆ ಕೊಯ್ಲಿನ ದಿನಗಳು ಹತ್ತಿರವಾಗುತ್ತಿದ್ದಂತೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಭಾಗದ ಕೃಷಿಕರ ಮನೆಗಳಿಗೆ ನಾಯಿಮರಿಗಳು ಬರತೊಡಗುತ್ತವೆ. ಅಂಗಳದಲ್ಲಿ ಅಡಿಕೆ ಹರಡಿದ ಮೇಲೆ ಕಾವಲಿಗೊಂದು ನಾಯಿ ಬೇಕೆನಿಸುವುದು ಸಹಜ. ಆದರೆ ತಂದ ದಿನವೇ ಮರಿಯನ್ನು ಹಟ್ಟಿಯ ಕಂಬಕ್ಕೆ ಸರಪಳಿಯಲ್ಲಿ ಕಟ್ಟುವುದು, ಇಲ್ಲವೇ ತಾನಾಗಿ ಕಲಿಯುತ್ತದೆಂದು ತೋಟಕ್ಕೆ ಬಿಟ್ಟುಬಿಡುವುದು ನಮ್ಮಲ್ಲಿ ರೂಢಿಯಾಗಿದೆ, ಎರಡೂ ಸರಿಯಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವ ತನಕ, ಅಂದರೆ ಸುಮಾರು 6 ತಿಂಗಳು ತುಂಬುವ ತನಕ, ಮರಿಯು ಮನೆಯವರ ಜೊತೆಯಲ್ಲದೆ ತೋಟಕ್ಕೆ ಇಳಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಲ್ಲು ಬರುವ ಕಾಲದಲ್ಲಿ ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ಮತ್ತು ನಮ್ಮ ತೋಟಗಳಲ್ಲಿ ಅದರ ಬಾಯಿಗೆ ಸಿಗುವ ವಸ್ತುಗಳು ಸಾಮಾನ್ಯವಾದವಲ್ಲ. ಅಡಿಕೆಯಲ್ಲಿರುವ ಅರಿಕೋಲಿನ್ ಅಂಶವನ್ನು ಹಿಂದೆ ಪಶುವೈದ್ಯರು ನಾಯಿಗಳ ಹೊಟ್ಟೆಯ ಲಾಡಿಹುಳ ಹೊರಹಾಕಲು ಔಷಧಿಯಾಗಿ ಬಳಸುತ್ತಿದ್ದರು; ಅಷ್ಟು ತೀಕ್ಷ್ಣವಾದ ವಸ್ತುವನ್ನು ಪುಟ್ಟ ಮರಿ ಅಂಗಳದಿಂದ ಎತ್ತಿ ಅಗಿದರೆ ಜೊಲ್ಲು ಸುರಿಸಿ ವಾಂತಿ ಮಾಡುವುದರಲ್ಲಿ ಆಶ್ಚರ್ಯವಿಲ್ಲ. ಅಡಿಕೆಯ ನಡುವೆ ಬೆಳೆಯುವ ಕೊಕ್ಕೋ ಇನ್ನೂ ಅಪಾಯಕಾರಿ. ಬೀಜದ ಸುತ್ತಲಿನ ಸಿಹಿ ತಿರುಳಿನ ವಾಸನೆಗೆ ಮರಿ ಓಡಿ ಬರುತ್ತದೆ, ಆದರೆ ಬೀಜದಲ್ಲಿರುವ ಥಿಯೋಬ್ರೊಮಿನ್ ನಾಯಿಯ ದೇಹದಲ್ಲಿ ಬೇಗ ಕರಗದೆ ಹೃದಯಕ್ಕೂ ನರಗಳಿಗೂ ತೊಂದರೆ ಕೊಡುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿ ಮುಗಿದ ಮೇಲೂ ಡ್ರಮ್ಮಿನ ತಳದಲ್ಲಿ ಮೈಲುತುತ್ತಿನ ವಿಷದ ನೀಲಿ ನೀರು ಉಳಿದಿರುತ್ತದೆ. ಬಾಯಾರಿದ ಮರಿಗೆ ಅದೂ ನೀರೇ. ತೆಂಗಿನ ಮಂಡೆಯಲ್ಲಿಟ್ಟ ಬ್ರೊಮಾಡಿಯೋಲೋನ್ ಎಂಬ ಇಲಿಮದ್ದಿನ ಬಿಲ್ಲೆ ಕೆಳಗೆ ಬಿದ್ದು, ಅದನ್ನು ಮರಿ ತಿಂದರೆ ಆ ದಿನ ಏನೂ ಕಾಣಿಸುವುದಿಲ್ಲ, ಕೆಲವು ದಿನಗಳ ಬಳಿಕ ರಕ್ತಸ್ರಾವ ತೊಡಗುತ್ತದೆ. ಇದಕ್ಕೆ ವಿಟಮಿನ್ ಕೆ1 ಮದ್ದಿದೆ. ತಿಂದ ಸಂಶಯ ಬಂದ ಕೂಡಲೇ ಬಿಲ್ಲೆಯ ಪೊಟ್ಟಣ ಸಮೇತ ಪಶುವೈದ್ಯರಲ್ಲಿಗೆ ಹೋಗಬೇಕು.

ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ತುಂಬುವ ಟಾಂಕಿಯ ಬಗ್ಗೆಯೂ ಒಂದು ಮಾತು. ನೆಲಮಟ್ಟದ ಟಾಂಕಿಗೆ ಬಿದ್ದ ಮರಿ ಈಜಬಲ್ಲದು, ಆದರೆ ಪಾಚಿಗಟ್ಟಿದ ನೇರ ಗೋಡೆಯನ್ನು ಏರಲಾರದು. ಕಂಗಿನ, ಅಂದರೆ ಅಡಿಕೆ ಮರದ, ಸಲಾಕೆಗಳನ್ನು ಸೇರಿಸಿ ಕಟ್ಟಿ, ಒಂದು ತುದಿ ನೀರಿನಲ್ಲಿ ಮುಳುಗುವಂತೆ ಓರೆಯಾಗಿ ಇಟ್ಟರೆ ಅದಕ್ಕೆ ಮೇಲೆ ಬರುವ ದಾರಿಯಾಗುತ್ತದೆ. ಆ ದಾರಿ ಎಲ್ಲಿದೆಯೆಂದು ಮರಿಯನ್ನು ಕೈಯಲ್ಲಿ ಹಿಡಿದು ಮೊದಲೇ ತೋರಿಸಿಕೊಡಬೇಕು.

ಇಷ್ಟೆಲ್ಲ ಅಪಾಯಗಳಿವೆಯೆಂದು ಮರಿಯನ್ನು ಮನೆಯೊಳಗೇ ಕೂಡಿಹಾಕಬೇಕೆಂದು ನಾನು ಹೇಳುತ್ತಿಲ್ಲ. ನಾಯಿಮರಿ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಏನನ್ನು ನೋಡಿ, ಕೇಳಿ, ಮೂಸಿ ಭಯವಿಲ್ಲದೆ ಅನುಭವಿಸುತ್ತದೋ ಅದಕ್ಕೆ ಮುಂದೆ ಸಾಮಾನ್ಯವಾಗಿ ಹೆದರುವುದಿಲ್ಲ. 8 ವಾರ ತಾಯಿಯ ಜೊತೆ ಕಳೆದು ಬಂದ ಮರಿಯಾದರೆ ನಮ್ಮ ಕೈಗೆ ಸಿಗುವುದು ಇದರ ಕೊನೆಯ ಭಾಗ ಮಾತ್ರ, ಹಾಗಾಗಿ ಆ ವಾರಗಳನ್ನು ಸರಪಳಿಗೆ ಒಪ್ಪಿಸಬಾರದು. ನಮ್ಮ ಮನೆಗೆ ಬಂದಿರುವ ಮರಿ ಮೊದಮೊದಲು ತೋಟದಲ್ಲಿ ಅಡಿಕೆ ಹಾಳೆ ಧೊಪ್ಪೆಂದು ಬಿದ್ದಾಗ ನನ್ನ ಕಾಲಿನ ಸಂದಿಗೆ ನುಗ್ಗಿ ನಿಲ್ಲುತ್ತಿತ್ತು. ನಾನು ಗದರದೆ, ಎತ್ತಿಕೊಳ್ಳದೆ ನಿಂತಲ್ಲೇ ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದೇ ಮೆಲ್ಲನೆ ಹೋಗಿ ಹಾಳೆಯನ್ನು ಮೂಸಿ, ತುದಿಯನ್ನು ಕಚ್ಚಿ ಎಳೆಯುತ್ತಿತ್ತು. ಈಗ ಹಾಳೆ ಬಿದ್ದರೆ ಕಿವಿ ನಿಮಿರಿಸುತ್ತದೆ, ಅಷ್ಟೆ. ಕಳೆ ಕತ್ತರಿಸುವ ಯಂತ್ರ, ಚೆಂಡೆಯ ಸದ್ದು, ಜಾತ್ರೆಯ ಕದಿನ ಸಿಡಿಮದ್ದು ಇವೆಲ್ಲವನ್ನೂ ದೂರದಿಂದ ಆರಂಭಿಸಿ ಹೀಗೆಯೇ ಪರಿಚಯಿಸಬಹುದು. ಮೊದಲ ರಾತ್ರಿಗಳಲ್ಲಿ ಮಲಗುವ ಜಾಗ ಜಗಲಿಯಲ್ಲೋ ಚಾವಡಿಯಲ್ಲೋ, ಮನುಷ್ಯರ ಉಸಿರು ಕೇಳಿಸುವಲ್ಲಿ ಇರಲಿ. ತಾಯಿಯ ವಾಸನೆ ಇರುವ ಒಂದು ಹಳೆಯ ಬಟ್ಟೆಯನ್ನು ಜೊತೆಗೆ ತಂದರೆ ಅಳು ಬೇಗ ಅಡಗುತ್ತದೆ.

ಪಾರ್ವೊ ಎಂಬ ವಾಂತಿಭೇದಿಯ ಸೋಂಕು ಮತ್ತು ಇಲಿಜ್ವರ ಸೇರಿದ ಚುಚ್ಚುಮದ್ದನ್ನು 6ರಿಂದ 8 ವಾರಗಳ ಪ್ರಾಯದಲ್ಲಿ ತೊಡಗಿ 16ನೇ ವಾರದ ತನಕ 3-4 ವಾರಗಳ ಅಂತರದಲ್ಲಿ ಕೊಡಿಸಬೇಕು, ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು 3 ತಿಂಗಳು ತುಂಬಿದಾಗ. ಕೇರಳದಲ್ಲಿ 1998ರ ನಿಯಮಗಳ ಪ್ರಕಾರ ಸಾಕುನಾಯಿಗೆ ಪಂಚಾಯತಿನ ಪರವಾನಗಿಯೂ ಬೇಕು.

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಪಶು ಆಸ್ಪತ್ರೆಗಳು ಮರಿಗೆ ಮೊದಲ ಚುಚ್ಚುಮದ್ದು ಹಾಕಿಸಲು ಬಂದವರಿಗೆ ಈ ಎಲ್ಲ ವಿವರಗಳಿರುವ ಒಂದು ಪುಟದ ಕನ್ನಡ ಕರಪತ್ರ ಕೊಡುವಂತಾಗಬೇಕು. ಅದರಲ್ಲಿ ಕೊಕ್ಕೋ, ಅಡಿಕೆ, ಮೈಲುತುತ್ತು, ಇಲಿಮದ್ದುಗಳ ಹೆಸರುಗಳು ದಪ್ಪಕ್ಷರದಲ್ಲಿರಲಿ. ಕೊಯ್ಲು ಆರಂಭವಾಗುವ ಮೊದಲೇ ಸಂಬಂಧಪಟ್ಟವರು ಇದನ್ನು ಕಾರ್ಯಗತಗೊಳಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ಓರ್ವ ಕೃಷಿಕ ಮಹಿಳೆ, ಪೆರ್ಲ, ಕಾಸರಗೋಡು ಜಿಲ್ಲೆ